ಅಕ್ಕ ಹೋಗದೆ ಉಳಿದ ಓಣಿ

ನಮ್ಮಕ್ಕನ ದನಿ ಕೇಳದವರು ಈ ಊರಲ್ಲಿ ಇಲ್ಲ, ಮುಖ ನೋಡಿದವರು ಮಾತ್ರ ಕಡಿಮೆ. ರೈಲು ನಿಲ್ದಾಣದಲ್ಲಿ ಯಾವ ಗಾಡಿ ಎಷ್ಟು ತಡ, ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಮೈಕಿನಲ್ಲಿ ಹೇಳುತ್ತಿದ್ದವಳು ಅವಳೇ. ಗಾಡಿ ಹೊತ್ತಿಗೆ ಸರಿಯಾಗಿ ಬಂದರೂ ಅದೇ ದನಿ, ಅರ್ಧ ದಿನ ತಡವಾದರೂ ಅದೇ ದನಿ. ಮನೆಯಲ್ಲೂ ಹಾಗೆಯೇ. ಊಟಕ್ಕೆ ಕರೆದರೆ ನಮ್ಮ ಯಜಮಾನರು ಯಾವ ಪ್ಲಾಟ್‌ಫಾರಂಗೆ ಅತ್ತಿಗೆ ಎಂದು ಕೇಳಿ ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ. ಅಡುಗೆಮನೆಗೆ ಎಂದು ಅದೇ ದನಿಯಲ್ಲಿ ಉತ್ತರ ಕೊಡುತ್ತಿದ್ದಳು.

ಮದುವೆಯ ಮಾತು ಬಂದಾಗಲೆಲ್ಲ ಕಡ್ಡಿ ಮುರಿದ ಹಾಗೆ ಬೇಡ ಅಂದವಳು. ಅಪ್ಪ ಅಮ್ಮ ಹೋದ ಮೇಲೆ ನಮ್ಮ ಮನೆಯ ಮುಂದಿನ ಕೋಣೆಗೆ ಬಂದು ಸೇರಿದಳು. ಒಂದು ಮಂಚ, ಒಂದು ಕಬ್ಬಿಣದ ಪೆಟ್ಟಿಗೆ, ಗೋಡೆಗೊಂದು ಗಡಿಯಾರ. ಅವಳಿಗೆ ಇದ್ದದ್ದು ಒಂದೇ ಜಂಬ, ಸುಳ್ಳು ಹೇಳಿಲ್ಲ ಅನ್ನುವುದು. ಒಮ್ಮೆ ಜನ ಗಲಾಟೆ ಮಾಡುತ್ತಾರೆಂದು ನಿಲ್ದಾಣದ ದೊಡ್ಡ ಅಧಿಕಾರಿಯೇ ಬಂದು ತಡವನ್ನು ಸ್ವಲ್ಪ ಕಡಿಮೆ ಮಾಡಿ ಹೇಳಮ್ಮ ಅಂದರಂತೆ. ಇವಳು ಮೈಕನ್ನು ಅವರ ಕಡೆಗೆ ತಿರುಗಿಸಿ, ನೀವೇ ಹೇಳಿ ಸಾರ್ ಅಂದಳಂತೆ. ಆಮೇಲೆ ಯಂತ್ರ ಬಂತು, ಮೊದಲೇ ತುಂಬಿಸಿಟ್ಟ ದನಿ ಬಂತು, ಅಕ್ಕನನ್ನು ಮನೆಗೆ ಕಳಿಸಿದರು.

ಮನೆಯಲ್ಲಿ ಕೈ ಕಟ್ಟಿ ಕೂತಿದ್ದಾಗಲೇ ಕಾಲೇಜಿನ ಮನಃಶಾಸ್ತ್ರ ವಿಭಾಗದ ಮೇಡಂ ಅವಳನ್ನು ಹುಡುಕಿಕೊಂಡು ಬಂದರು. ದಿನಾ ರೈಲಲ್ಲಿ ಓಡಾಡುತ್ತಿದ್ದವರು, ಆ ದನಿಯನ್ನು ಮರೆತಿರಲಿಲ್ಲ. ಮನೆಮನೆಗೆ ಹೋಗಿ ಪ್ರಶ್ನೆ ಕೇಳಬೇಕು, ಎಲ್ಲರಿಗೂ ಒಂದೇ ಮಾತಲ್ಲಿ, ಒಂದೇ ದನಿಯಲ್ಲಿ ಕೇಳಬೇಕು, ಅಂಥವರು ಬೇಕು ಅಂದರು. ದನಿ ಏರಿಳಿದರೆ ಉತ್ತರವೂ ಏರಿಳಿಯುತ್ತದಂತೆ. ಇಷ್ಟು ವರ್ಷ ನಾವು ಗೇಲಿ ಮಾಡಿದ್ದಕ್ಕೇ ಯಾರೋ ಸಂಬಳ ಕೊಡುತ್ತೇವೆ ಅಂದದ್ದು ಕೇಳಿ ಅಕ್ಕನ ಮುಖ ಅರಳಿತು. ನಾನು ಅವಳ ಆ ಮುಖ ನೋಡಿ ಎಷ್ಟೋ ವರ್ಷವಾಗಿತ್ತು.

ಆ ಕೆಲಸ ಅವಳ ತಲೆಗೆ ಹತ್ತಿದ ಬಗೆ ಹೇಳಿ ಪ್ರಯೋಜನವಿಲ್ಲ. ಹೊಸ ಸೋಪಿನಲ್ಲಿ ಬಟ್ಟೆ ಎಷ್ಟು ಬೆಳ್ಳಗಾಗಿದೆ ನೋಡು ಎಂದು ನಾನೊಂದು ದಿನ ಅಂದೆ. ಹಳೇ ಸೋಪಿನಲ್ಲಿ ಒಗೆದು ನೋಡಿದೀಯಾ, ಬಿಸಿಲು ಇವತ್ತು ಜಾಸ್ತಿ ಇರಬಹುದಲ್ಲ, ಶರ್ಟೇ ಕಡಿಮೆ ಕೊಳೆಯಾಗಿರಬಹುದಲ್ಲ ಎಂದು ಶುರು ಮಾಡಿದಳು. ಕೊನೆಗೆ ನಮ್ಮ ಯಜಮಾನರ ಒಂದೇ ಶರ್ಟಿನ ಒಂದು ತೋಳು ಹಳೇ ಸೋಪಿನಲ್ಲಿ, ಇನ್ನೊಂದು ತೋಳು ಹೊಸದರಲ್ಲಿ ಒಗೆದದ್ದೂ ಆಯಿತು. ಯಾವ ತೋಳಿಗೆ ಯಾವುದು ಅನ್ನುವುದಕ್ಕೆ ಚೀಟಿ ಬೇರೆ ಎತ್ತಿಸಿದಳು. ಯಾಕೆಂದರೆ ಆರಿಸುವುದನ್ನು ನಮ್ಮ ಕೈಗೆ ಬಿಟ್ಟರೆ ನಾವು ಬೇಕಾದ ಕಡೆಗೇ ವಾಲುತ್ತೇವಂತೆ. ಎರಡು ತೋಳೂ ಒಂದೇ ಥರ ಇದ್ದವು, ನನ್ನ ಬಾಯಿ ಮುಚ್ಚಿತು.

ಇಷ್ಟರಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಗೆ ಬೆಂಕಿ ಬಿತ್ತು. ಸತ್ತವರೆಲ್ಲ ಕಾರ್ಖಾನೆಯ ಹಿಂದಿನ ಎರಡು ಓಣಿಗಳವರು. ಒಂದಕ್ಕೆ ಮೇಲಿನ ಓಣಿ ಅನ್ನುತ್ತಿದ್ದರು, ಇನ್ನೊಂದಕ್ಕೆ ಕೆಳಗಿನ ಓಣಿ. ಮನೆಗೊಂದು ಸಾವು. ದುಃಖದಲ್ಲಿ ಮುಳುಗಿದವರಿಗೆ ಆಪ್ತಸಮಾಲೋಚನೆಯಿಂದ, ಅಂದರೆ ತರಬೇತಿ ಆದವರೊಬ್ಬರು ವಾರವಾರ ಬಂದು ಮಾತಾಡಿಸಿ ದಾರಿ ತೋರಿಸುವುದರಿಂದ, ನಿಜವಾಗಿ ಉಪಯೋಗವಾಗುತ್ತದೆಯೇ ಎಂದು ಮೇಡಂ ನೋಡಬೇಕಿತ್ತು. ಇಲ್ಲಿ ಮನೆಮನೆಗೆ ಚೀಟಿ ಎತ್ತುವ ಹಾಗಿರಲಿಲ್ಲ. ಗೋಡೆಗೆ ಗೋಡೆ ಅಂಟಿದ ಮನೆಗಳು, ಒಬ್ಬಳಿಗೆ ಹೇಳಿದ ಸಮಾಧಾನ ಸಂಜೆಯೊಳಗೆ ಪಕ್ಕದ ಮನೆಗೆ ಮುಟ್ಟಿರುತ್ತದೆ. ಹಾಗಾಗಿ ಕೆಳಗಿನ ಓಣಿಗೆ ಇಡಿಯಾಗಿ ಆಪ್ತಸಮಾಲೋಚನೆ, ಮೇಲಿನ ಓಣಿಗೆ ಬರೀ ಪ್ರಶ್ನೆ. ವರ್ಷದ ಕೊನೆಗೆ ಎರಡನ್ನೂ ಹೋಲಿಸಿ ನೋಡುವುದು. ಉಪಯೋಗ ಕಂಡರೆ ಆಮೇಲೆ ಮೇಲಿನ ಓಣಿಗೂ ಕೊಡುವುದು.

ಕೆಳಗಿನ ಓಣಿಯಲ್ಲಿ ಈ ಪ್ರಶ್ನೆಗಳನ್ನು ಮಾತಾಡಿಸಲು ಬರುವವರೇ ಕೇಳುವುದು, ಮೇಲಿನ ಓಣಿಗೆ ವಾರವಾರ ಹೋಗಿ ಕೇಳುವವಳು ಅಕ್ಕ. ನೀರು ಕೊಟ್ಟರೂ ಕುಡಿಯುವ ಹಾಗಿಲ್ಲ, ತಲೆ ಅಲ್ಲಾಡಿಸುವ ಹಾಗಿಲ್ಲ, ಅತ್ತರೆ ಅಳಬೇಡಿ ಅನ್ನುವ ಹಾಗಿಲ್ಲ. ಅವರು ಮಾತು ಮುಗಿಸುವ ತನಕ ಸುಮ್ಮನೆ ಕೂತಿರಬೇಕು, ಆಮೇಲೆ ಮುಂದಿನ ಪ್ರಶ್ನೆ. ಕೇಳಿ ನನಗೆ ಪಿತ್ತ ನೆತ್ತಿಗೇರಿತು. ಸಾವಾದ ಮನೆಗೆ ಹೋಗಿ, ನಿದ್ದೆ ಬರುತ್ತಾ, ಊಟ ಸೇರುತ್ತಾ ಎಂದು ಕೇಳಿ, ಟಿಕ್ ಹಾಕಿಕೊಂಡು ಎದ್ದು ಬರುವುದು ಯಾವ ಸೀಮೆಯ ಕೆಲಸ ಎಂದು ಜಗಳಕ್ಕೇ ನಿಂತೆ. ಅಕ್ಕ ಸೊಪ್ಪು ಹಾಕಲಿಲ್ಲ. ಯಾವುದರಿಂದ ವಾಸಿಯಾಗುತ್ತೆ ಅಂತ ಗೊತ್ತಿಲ್ಲದೆ ಎಲ್ಲರಿಗೂ ಏನೋ ಒಂದು ಕೊಡೋದು ಸುಳ್ಳು ಹೇಳಿದ ಹಾಗೇ ಅಂದಳು. ಓಣಿಯವರು ಮೊದಮೊದಲು ಕಲ್ಲುಗುಂಡಿಗೆಯ ಹೆಂಗಸು ಅಂದರು. ಆಮೇಲೆ ಪ್ರಶ್ನೆ ಅಕ್ಕ ಅಂತ ಹೆಸರಿಟ್ಟರು.

ಮೇಲಿನ ಓಣಿಯ ಕೊನೆಯ ಮನೆ ಟೈಲರಮ್ಮನದು. ಗಂಡ ಎಂದೋ ಬಿಟ್ಟು ಹೋಗಿದ್ದ. ಒಬ್ಬಳೇ ಮಗಳು, ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದವಳು, ಬೆಂಕಿಯಲ್ಲಿ ಹೋದಳು. ಮೊದಲ ತಿಂಗಳು ಅಕ್ಕ ಹೋದಾಗ ಹೊಲಿಗೆ ಯಂತ್ರದ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿತ್ತಂತೆ. ಗಿರಾಕಿಗಳು ಕೊಟ್ಟ ಬಟ್ಟೆಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವಂತೆ. ಬದುಕಬೇಕು ಅನ್ನಿಸುತ್ತದೆಯೇ ಎಂಬ ಪ್ರಶ್ನೆಗೆ ಟೈಲರಮ್ಮ ಅಕ್ಕನ ಮುಖವನ್ನೇ ದಿಟ್ಟಿಸಿ, ಯಾತಕ್ಕೆ ಅಂದಳಂತೆ. ಅವತ್ತು ಅಕ್ಕ ನೇರ ಮೇಡಂ ಬಳಿ ಹೋದಳು. ನಿಯಮದಲ್ಲಿ ಅದೊಂದಕ್ಕೆ ದಾರಿ ಇತ್ತು, ಡಾಕ್ಟರು ಬಂದು ನೋಡಿದರು. ಜೀವಕ್ಕೆ ಭಯವಿಲ್ಲ, ಆದರೆ ಕಣ್ಣಿಟ್ಟಿರಿ ಅಂದರು. ಯಾರು ಕಣ್ಣಿಡಬೇಕು ಎಂದು ಅವರು ಹೇಳಲಿಲ್ಲ. ಅಕ್ಕ ಅದನ್ನು ತನಗೇ ಹೇಳಿದ್ದೆಂದುಕೊಂಡಳು.

ಅಲ್ಲಿಂದ ಮುಂದೆ ವಾರವಾರ ಅವಳು ಮನೆಗೆ ಬಂದ ಕೂಡಲೇ ಟೈಲರಮ್ಮನ ಸುದ್ದಿಯೇ. ಮೊದಲು ಒಂದೊಂದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದ ಟೈಲರಮ್ಮ ಆಮೇಲೆ ಪ್ರಶ್ನೆಗಳ ನಡುವೆ ಮಗಳ ಮಾತು ತೆಗೆದಳು. ಮಗಳಿಗೆ ಬಲಗಾಲು ಎಡಗಾಲಿಗಿಂತ ಚೂರು ಉದ್ದ, ಲಂಗದ ಅಂಚನ್ನು ಒಂದು ಕಡೆ ಇಳಿಸಿ ಹೊಲಿಯಬೇಕಿತ್ತು, ಅದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದು ಒಂದು ದಿನ ಹೇಳಿ ಬಹಳ ಹೊತ್ತು ಅತ್ತಳಂತೆ. ನೀನೇನೂ ಹೇಳಲಿಲ್ವಾ ಎಂದು ನಾನು ಕೇಳಿದೆ. ಮುಂದಿನ ಪ್ರಶ್ನೆ ಕೇಳಿದೆ ಅಂದಳು. ಹಾಗಂದವಳು ಅವತ್ತು ಊಟಕ್ಕೆ ಏಳಲಿಲ್ಲ.

ಬರುಬರುತ್ತಾ ಯಂತ್ರದ ಮೇಲಿನ ಬೆಡ್‌ಶೀಟ್ ಹೋಯಿತು. ಮೂಲೆಯ ರಾಶಿ ಕರಗಿತು. ಟೈಲರಮ್ಮ ಅಕ್ಕನನ್ನು ಕಿಚಾಯಿಸುವಷ್ಟು ಸುಧಾರಿಸಿದಳು. ನಿಮಗೆ ನಗೋಕೆ ಕಾಲೇಜಿನವರು ಪರ್ಮಿಶನ್ ಕೊಟ್ಟಿಲ್ವಾ ಎಂದು ಕೇಳುತ್ತಿದ್ದಳಂತೆ. ಕುಡಿಯುವುದಿಲ್ಲ ಎಂದು ಗೊತ್ತಿದ್ದೂ ಪ್ರತಿ ಸಲ ಒಂದು ಲೋಟ ನೀರು ತಂದು ಮುಂದೆ ಇಡುತ್ತಿದ್ದಳು. ಬರೀ ಅವಳಲ್ಲ, ಇಡೀ ಓಣಿಯೇ ಹಾಗೆ ಚೇತರಿಸಿಕೊಂಡಿತು. ಅಕ್ಕ ಬರುವ ದಿನ ಮೇಲಿನ ಓಣಿಯವರು ಹೊತ್ತಿಗೆ ಮುಂಚೆ ಕೆಲಸ ಮುಗಿಸಿ ಬಾಗಿಲಲ್ಲಿ ಕೂತಿರುತ್ತಿದ್ದರು.

ವರ್ಷ ತುಂಬಿತು. ಲೆಕ್ಕ ಹಾಕಿ ನೋಡಿದರೆ ಎರಡು ಓಣಿಗೂ ವ್ಯತ್ಯಾಸವೇ ಇಲ್ಲ. ಕೆಳಗಿನವರು ಎಷ್ಟು ಸುಧಾರಿಸಿದ್ದರೋ ಮೇಲಿನವರೂ ಅಷ್ಟೇ. ಇಷ್ಟು ಖರ್ಚು, ಇಷ್ಟು ತರಬೇತಿ, ಎಲ್ಲ ದಂಡವೇ ಎಂದು ವಿಭಾಗದಲ್ಲಿ ತಲೆ ಮೇಲೆ ಕೈ ಹೊತ್ತು ಕೂತರು. ಕಾಲವೇ ವಾಸಿ ಮಾಡಿರಬಹುದು ಎಂದರು ಒಬ್ಬರು. ಇನ್ನೊಬ್ಬರು ಅಕ್ಕನ ಕಡೆ ನೋಡಿ, ಮೇಲಿನ ಓಣಿಗೆ ಗುಟ್ಟಾಗಿ ಸಮಾಧಾನ ಹಂಚಿದ್ದೀರಾ ಅಂದರು. ಮೇಡಂ ಕೂಡಾ, ಮನುಷ್ಯರಲ್ಲವೇ, ಒಂದು ಮಾತು ಆಡಿದ್ದರೂ ತಪ್ಪಿಲ್ಲ, ಹೇಳಿಬಿಡಿ ಎಂದು ಮೆತ್ತಗೆ ಕೇಳಿದರು. ಅವರು ಕೆಟ್ಟವರಲ್ಲ. ನನಗೆ ಅವರ ಮೇಲೆ ಎಷ್ಟೇ ಸಿಟ್ಟಿದ್ದರೂ ಆ ಮಾತು ಹೇಳಲೇಬೇಕು.

ಅಕ್ಕನಿಗೆ ಚಾಟಿಯೇಟು ಬಿದ್ದ ಹಾಗಾಯಿತು. ನಿಲ್ದಾಣದಲ್ಲಿ ಒಂದು ನಿಮಿಷದ ಸುಳ್ಳು ಹೇಳದವಳನ್ನು ಕಳ್ಳಿ ಅಂದ ಹಾಗೆ. ಅವಳು ಎದ್ದು ನಿಂತು ಹೇಳಿದಳಂತೆ: "ನಾನು ಯಾರಿಗೂ ಏನೂ ಕೊಟ್ಟಿಲ್ಲ ಮೇಡಂ. ನನ್ನಿಂದ ಅವರಿಗೆ ಏನೂ ಆಗಿಲ್ಲ. ಬೇಕಿದ್ರೆ ನಾನು ಹೋಗೋದನ್ನ ನಿಲ್ಲಿಸಿ ನೋಡಿ. ಅವರು ಹೀಗೇ ಇರ್ತಾರೆ."

ಮೇಡಂ ಕಣ್ಣು ಮಿಂಚಿದವಂತೆ. ಕೊಟ್ಟದ್ದನ್ನು ಹಿಂದಕ್ಕೆ ತೆಗೆದು ನೋಡುವುದು ಅವರ ಶಾಸ್ತ್ರದಲ್ಲೇ ಇರುವ ದಾರಿ. ತೆಗೆದಾಗ ಸ್ಥಿತಿ ಕುಸಿದರೆ ಅದರಿಂದಲೇ ಸುಧಾರಿಸಿತ್ತು ಎಂದು ಹೇಳಬಹುದು, ಕುಸಿಯದಿದ್ದರೆ ಕಾಲದ ಕೆಲಸ. ಅರ್ಧ ವರ್ಷ ಅಕ್ಕ ಮೇಲಿನ ಓಣಿಗೆ ಕಾಲಿಡಬಾರದು. ಯಾಕೆಂದು ಅವರಿಗೆ ಹೇಳಲೂ ಬಾರದು, ತಿಳಿದರೆ ಉತ್ತರ ಬದಲಾಗುತ್ತದೆ. ಮುಂದಿನ ಭೇಟಿಯನ್ನು ಆಮೇಲೆ ತಿಳಿಸುತ್ತೇವೆ ಎಂದು ಮಾತ್ರ ಹೇಳಿ ಕಳಿಸುವುದು. ಜೀವಕ್ಕೆ ಕುತ್ತು ಬಾರದಿರಲೆಂದು ಡಾಕ್ಟರು ಮಾತ್ರ ಆಗಾಗ ಹೋಗಿ ಬರುತ್ತಾರೆ. ಅಕ್ಕ ಒಪ್ಪಿ ಬಂದಳು. ಮನೆಗೆ ಬಂದು ನನಗೆ ಹೇಳುವಾಗ ಅವಳ ಎದೆ ಉಬ್ಬಿತ್ತು. ಟೈಲರಮ್ಮನ ಗತಿ ಏನು ಎಂದು ನಾನು ಕೇಳಿದೆ. ಅವಳು ಚೆನ್ನಾಗಿದ್ದಾಳೆ, ಹೊಲಿಗೆ ಹಿಡಿದಿದ್ದಾಳೆ, ನಾನು ಹೋದರೂ ಒಂದೇ ಬಿಟ್ಟರೂ ಒಂದೇ ಅಂದಳು. ಹಟಮಾರಿ. ನಾನು ಬಾಯಿಗೆ ಬಂದ ಹಾಗೆ ಬೈದೆ, ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಆ ಅವಧಿಯಲ್ಲೇ ಒಂದು ದಿನ ಅಕ್ಕ ಮತ್ತು ನಾನು ಮಾರುಕಟ್ಟೆಯ ಬಸ್‌ಸ್ಟಾಪಿನಲ್ಲಿ ನಿಂತಿದ್ದೆವು. ರಸ್ತೆಯ ಆ ಬದಿಯಲ್ಲಿ ಬಟ್ಟೆಯ ಗಂಟು ಹೊತ್ತ ಹೆಂಗಸೊಬ್ಬಳು ನಮ್ಮನ್ನು ನೋಡಿ ಗಕ್ಕನೆ ನಿಂತಳು. ಮುಖವೆಲ್ಲ ನಗು. ಗಂಟನ್ನು ಸೊಂಟಕ್ಕೆ ಇಳಿಸಿಕೊಂಡು, ಕೈ ಎತ್ತಿ, ಗಾಡಿಗಳ ನಡುವೆ ನಮ್ಮ ಕಡೆ ದಾಟಲು ಶುರು ಮಾಡಿದಳು. ನೋಡಿದ ಕೂಡಲೇ ನನಗೆ ಯಾರೆಂದು ತಿಳಿಯಿತು. ಅಕ್ಕ ನನ್ನ ತೋಳು ಹಿಡಿದು ಎದುರಿಗೆ ಬಂದ ಬಸ್ಸಿಗೆ ಹತ್ತಿಸಿಬಿಟ್ಟಳು. ನಮ್ಮ ಮನೆ ಕಡೆಯ ಬಸ್ಸೇ ಅಲ್ಲ ಅದು. ಕಿಟಕಿಯಿಂದ ನೋಡಿದರೆ ಟೈಲರಮ್ಮ ರಸ್ತೆಯ ನಡುವೆ ನಿಂತಿದ್ದಳು, ಎತ್ತಿದ ಕೈ ಎತ್ತಿದ ಹಾಗೇ. ಎರಡು ಮಾತು ಆಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ನಾನು ಬಸ್ಸಿನಲ್ಲೇ ರೇಗಿದೆ. ಮಾತಾಡಿದರೆ ಅದೂ ಭೇಟಿ ಆಗುತ್ತೆ, ಎಲ್ಲ ಕೆಡುತ್ತೆ ಅಂದಳು ಅಕ್ಕ. ಟಿಕೆಟ್ ಕೇಳಿದ ಕಂಡಕ್ಟರನಿಗೆ ಎಲ್ಲಿಗೆ ಎಂದು ಹೇಳಲು ಅವಳಿಗೆ ತಿಳಿಯಲಿಲ್ಲ.

ಗಡುವು ಮುಗಿಯಿತು. ಅಕ್ಕ ಮತ್ತೆ ಮೇಲಿನ ಓಣಿಗೆ ಹೋದಳು. ಬಾಗಿಲಲ್ಲಿ ಯಾರೂ ಕೂತಿರಲಿಲ್ಲ. ಮನೆಮನೆಯಲ್ಲೂ ಉತ್ತರಗಳು ಇಳಿದಿದ್ದವು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾರೊಡನೆಯೂ ಮಾತು ಬೇಡ. ಕೊನೆಯ ಮನೆಯಲ್ಲಿ ಯಂತ್ರದ ಮೇಲೆ ಬೆಡ್‌ಶೀಟ್ ಮತ್ತೆ ಬಂದಿತ್ತು. ಟೈಲರಮ್ಮ ಕುರ್ಚಿ ಕೊಟ್ಟಳು, ನೀರು ತರಲಿಲ್ಲ. ಬಸ್‌ಸ್ಟಾಪಿನ ಮಾತೇ ಎತ್ತಲಿಲ್ಲ. ಕೇಳಿದ್ದಕ್ಕೆಲ್ಲ ಚುಟುಕಾಗಿ ಉತ್ತರ ಕೊಟ್ಟಳು. ಕೊನೆಯ ಪ್ರಶ್ನೆ, ಮನಸ್ಸಿನ ಮಾತು ಹೇಳಿಕೊಳ್ಳಲು ನಿಮಗೆ ಯಾರಾದರೂ ಇದ್ದಾರೆಯೇ ಎಂಬುದು.

"ಒಬ್ರಿದ್ರು," ಅಂದಳಂತೆ ಟೈಲರಮ್ಮ. "ಬರೋದು ಬಿಟ್ರು."

ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಹೇಳಬೇಕು ಎಂದು ಅಕ್ಕ ಕೇಳಬೇಕಾಯಿತು. ನಿಯಮ ಹಾಗಿತ್ತು. ಹಾಗಾದರೆ ಇಲ್ಲ ಅಂತ ಬರೆದುಕೊಳ್ಳಿ ಅಂದಳು ಆಕೆ. ಅಕ್ಕ ಬರೆದುಕೊಂಡಳು. ಮನೆಗೆ ಬಂದು ನನ್ನೆದುರು ಕೂತು ಇದನ್ನು ಹೇಳುವಾಗ ಅವಳ ದನಿ ನಡುಗಿತು. ಹುಟ್ಟಿದಾಗಿನಿಂದ ನೋಡಿದ್ದೇನೆ, ಅವಳ ದನಿ ನಡುಗಿದ್ದು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಅತ್ತಳು. ಅಪ್ಪ ಅಮ್ಮ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ವಿಭಾಗದಲ್ಲಿ ಮಾತ್ರ ಸಂಭ್ರಮ. ಕಾಲವಲ್ಲ, ಆ ಭೇಟಿಯೇ ಜನರನ್ನು ಎತ್ತಿ ನಿಲ್ಲಿಸಿತ್ತು ಎಂದು ಸಾಬೀತಾಗಿತ್ತು. ಯಾರೋ ಒಬ್ಬರು ತಪ್ಪದೆ ಬಂದು, ಕೇಳಿ, ಪೂರ್ತಿ ಕೇಳಿಸಿಕೊಂಡು ಹೋದರೆ ಸಾಕು, ದೊಡ್ಡ ತರಬೇತಿ ಬೇಡ. ಮೇಡಂ ಅಕ್ಕನ ಕೈ ಹಿಡಿದು, ನಿಮ್ಮನ್ನು ಅನುಮಾನಿಸಿದ್ದಕ್ಕೆ ಕ್ಷಮಿಸಿ, ಇದು ಬಹಳ ಜನರಿಗೆ ಉಪಯೋಗವಾಗುತ್ತದೆ ಅಂದರು. ಅದು ನಿಜವೂ ಹೌದು. ಆಮೇಲೆ ಬೇರೆ ಬೇರೆ ಊರುಗಳಲ್ಲಿ ಇದೇ ಬಗೆಯ ಭೇಟಿ ಶುರುವಾಯಿತಂತೆ. ಅಕ್ಕ ನನಗೆ ಹೇಳಿದ್ದು ಒಂದೇ ಮಾತು: "ನಾನು ಅವರಿಗೆ ಬೇಕಾಗಿದ್ದೆ ಅಂತ ಗೊತ್ತಾಯ್ತು. ಗೊತ್ತಾಗೋಕೆ ನಾನು ಹೋಗದೆ ಇರಬೇಕಾಯ್ತು."

ಪ್ರಯೋಗ ಮುಗಿದ ಮೇಲೆ ಅದರಲ್ಲಿದ್ದವರಿಗೆಲ್ಲ ನಿಜ ತಿಳಿಸುವುದು ಅವರ ಪದ್ಧತಿ. ಕಾರ್ಖಾನೆಯಲ್ಲಿ ಬೆಂಕಿಗೆ ಸಿಗದೆ ಉಳಿದಿದ್ದ ಕ್ಯಾಂಟೀನಿನಲ್ಲಿ ಮೇಲಿನ ಓಣಿಯವರನ್ನು ಕರೆದು ಕೂರಿಸಿದರು. ಮೇಡಂ ಬರೆದ ಹೇಳಿಕೆಯನ್ನು ಓದುವುದು ಅಕ್ಕನ ಪಾಲಿಗೆ ಬಂತು, ಆ ದನಿ ಎಲ್ಲರಿಗೂ ಪರಿಚಯ ಎಂದು. ಯಾಕೆ ಭೇಟಿ ನಿಂತಿತು, ಯಾಕೆ ಹೇಳಲಿಲ್ಲ, ಇನ್ನು ಮುಂದೆ ಓಣಿಗೆ ಭೇಟಿಯೂ ಇರುತ್ತದೆ, ಆಪ್ತಸಮಾಲೋಚನೆಯೂ ಇರುತ್ತದೆ, ಎಲ್ಲ ಅದರಲ್ಲಿತ್ತು. ನಿಲ್ಲಿಸುವ ಯೋಚನೆ ಯಾರದು ಎಂಬುದನ್ನು ಮೇಡಂ ಬಿಟ್ಟಿದ್ದರು. ಅದು ಬೇಡ ಬಿಡಿ ಅಂದರಂತೆ. ಅಕ್ಕ ಒಪ್ಪಲಿಲ್ಲ. ಓದುತ್ತಾ ಓದುತ್ತಾ, ಹೀಗೆ ಮಾಡಿ ನೋಡೋಣ ಎಂದು ಹೇಳಿದವಳು ನಾನೇ ಎಂದು ಸೇರಿಸಿ ಓದಿದಳು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸುಮ್ಮನಿರೇ ಎಂದು ಕೂಗಬೇಕೆನ್ನಿಸಿತು. ಜನ ಗುಸುಗುಸು ಅಂದರು, ಒಬ್ಬಿಬ್ಬರು ಬೈದರು, ಎಷ್ಟೋ ಜನ ಅಕ್ಕನ ಬಳಿ ಬಂದು ಪರವಾಗಿಲ್ಲ ಬಿಡಿ ಅಂದರು. ಟೈಲರಮ್ಮ ಪೂರ್ತಿ ಕೇಳಿಸಿಕೊಂಡು, ಸೆರಗು ಸರಿಮಾಡಿಕೊಂಡು ಎದ್ದು ಹೋದಳು.

ಅಕ್ಕ ಕೆಲಸ ಬಿಟ್ಟಳು. ಮುಂದಿನ ವಾರ, ಪ್ರಶ್ನೆಯ ಹಾಳೆ ಇಲ್ಲದೆ, ಬರೀ ಕೈಯಲ್ಲಿ ಟೈಲರಮ್ಮನ ಮನೆಗೆ ಹೊರಟಳು. ಒಬ್ಬಳೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡಳು. ನೀರು ಕೊಟ್ಟರೆ ಕುಡಿಯುತ್ತೇನೆ ಎಂದು ದಾರಿಯಲ್ಲಿ ಚಿಕ್ಕ ಹುಡುಗಿಯ ಹಾಗೆ ಹೇಳಿದಳು. ಬಾಗಿಲು ತಟ್ಟಿದೆವು. ಟೈಲರಮ್ಮ ಅರ್ಧ ಬಾಗಿಲು ತೆರೆದು, ಮೊದಲು ಅಕ್ಕನ ಕೈ ನೋಡಿದಳು, ಆಮೇಲೆ ಮುಖ. ಒಳಗೆ ಕರೆಯಲಿಲ್ಲ.

"ಇದೂ ಪರೀಕ್ಷೇನಾ ಅಕ್ಕ?" ಅಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೇ ತಿಳಿಯದೆ ಕೇಳಿದ ಹಾಗಿತ್ತು.

"ಅಲ್ಲಮ್ಮ. ಯಾರೂ ಕಳಿಸಿಲ್ಲ. ನಾನಾಗೇ ಬಂದೆ."

"ಬಿಟ್ಟಿದ್ದೂ ನೀವಾಗೇ ತಾನೆ?"

ಟೈಲರಮ್ಮ ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿತ್ತು.

ಅದಾಗಿ ವರ್ಷಗಳೇ ಕಳೆದಿವೆ. ಮೇಲಿನ ಓಣಿಯ ಉಳಿದ ಮನೆಗಳವರು ಅಕ್ಕನನ್ನು ಒಳಗೆ ಕರೆಯುತ್ತಾರೆ, ಮಾತಾಡಿಸುತ್ತಾರೆ. ಅವಳು ಎಲ್ಲ ಕಡೆ ಒಂದೊಂದು ಗಳಿಗೆ ಕೂತು ಕೊನೆಯ ಮನೆಗೆ ಹೋಗಿ ಬಾಗಿಲು ತಟ್ಟುತ್ತಾಳೆ. ಟೈಲರಮ್ಮ ತೆರೆಯುವುದಿಲ್ಲ. ಒಳಗಿದ್ದಾಳೆ, ಕೆಮ್ಮಿದ್ದು ಕೇಳಿಸುತ್ತದೆ. ಎಷ್ಟು ಸಲ ಬಂದರೆ ನಂಬುತ್ತಾಳೆ ಎಂದು ಅಕ್ಕ ಒಮ್ಮೆ ನನ್ನನ್ನು ಕೇಳಿದಳು. ನನಗೆ ಗೊತ್ತಿಲ್ಲ ಅಂದೆ. ಈ ವಾರವೂ ಹೋಗಿ ಬಂದಳು.